ನೂರರಲ್ಲಿ ಹದಿನೆಂಟು

"ನೂರು ಕಳಿಸೀನಿ. ಎಂಬತ್ತೆರಡು ಮುಟ್ಯಾವು," ಎಂದ ವಿಜಯ್, ಫೋನಿನಲ್ಲಿ. "ಈಗೇನು?"

ಉಳಿದ ಹದಿನೆಂಟು ಡೇಟಾ ಪ್ಯಾಕೆಟ್‌ಗಳು ಎಲ್ಲಿ ಸಾಯುತ್ತಿವೆ ಎಂಬುದನ್ನು ವೀರೇಂದ್ರ ಎಡಿಸನ್ ಎಂಬ ಊರಿನ ಒಂದು ಬೇಸ್‌ಮೆಂಟಿನಲ್ಲಿ ಕೂತು ಕಂಡುಹಿಡಿಯಬೇಕಿತ್ತು. ಅವನ್ನು ಸಾಗಿಸುವ ರೂಟರ್ ಇದ್ದದ್ದು ಇಪ್ಪತ್ತು ಮೈಲಿ ಆಚೆ, ಬಾಸ್ಕಿಂಗ್ ರಿಡ್ಜ್‌ನ ಕಚೇರಿಯೊಂದರಲ್ಲಿ. ಅಲ್ಲಿ ನೆಟ್‌ವರ್ಕ್ ಎಂಜಿನಿಯರ್ ಎಂದು ಟೈ ಬಿಗಿದುಕೊಂಡು ಹೋಗುವವನು ವಿಜಯ್. ಕೆಲಸ ಬಲ್ಲವನು ವೀರೇಂದ್ರ.

ವೀರೇಂದ್ರನ ಬೆನ್ನಿಗೆ ಬಸವಲಿಂಗಪ್ಪ ನಿಂತಿದ್ದ. ಈ ಗೆಸ್ಟ್ ಹೌಸು ಅವನದು. ಕನ್ಸಲ್ಟಿಂಗ್ ಕಂಪನಿ ಅವನದು. ವೀರೇಂದ್ರನ ವೀಸಾ ಅವನ ಮುಷ್ಟಿಯಲ್ಲಿತ್ತು. ವಿಜಯ್ ಅವನ ಅಕ್ಕನ ಮಗ. ಅದು ಎರಡು ಸಾವಿರದ ಇಸವಿ. ಊರಿನಿಂದ ಹುಡುಗರನ್ನು ವಿಮಾನ ತುಂಬ ಇಳಿಸಿಕೊಂಡು ಇಲ್ಲಿನ ಕಂಪನಿಗಳಿಗೆ ಬಾಡಿಗೆ ಎತ್ತುಗಳಂತೆ ಹೊಡೆಯುವ ದಂಧೆ ಜೋರಾಗಿ ನಡೆದಿತ್ತು. ಬಾಡಿಗೆ ಹೋಗದವರು "ಬೆಂಚಿನ ಮೇಲೆ." ಬೆಂಚು ಎಂದರೆ ಈ ಬೇಸ್‌ಮೆಂಟಿನ ಹಾಸಿಗೆ. ವೀರೇಂದ್ರನಿಗೆ ಅದರ ಮೇಲೆ ಐದು ತಿಂಗಳು ತುಂಬಿತ್ತು.

ಬಂದ ದಿನ, ಡಿಗ್ರಿ ಏನೆಂದು ಕೇಳುವ ಮೊದಲೇ ಬಸವಲಿಂಗಪ್ಪ ಕೇಳಿದ್ದ: "ನೀವು ಯಾವ ಮಂದಿ?"

ವೀರೇಂದ್ರ ಮುಚ್ಚಿಡಲಿಲ್ಲ. ಮೇಲಿನ ಕೋಣೆಯ ಬಾಗಿಲು ಮುಟ್ಟಿದ್ದ ಸೂಟ್‌ಕೇಸು ಅಲ್ಲಿಂದಲೇ ಕೆಳಗಿಳಿಯಿತು. ಪಾಸ್‌ಪೋರ್ಟು, ಸರ್ಟಿಫಿಕೇಟುಗಳು ಮಾತ್ರ "ಫೈಲಿಗೆ ಬೇಕು" ಎಂದು ಮೇಲೆಯೇ ಉಳಿದವು. ಆ ಕಾಗದಗಳಿಗೆ ಜಾತಿ ಅಂಟಿರಲಿಲ್ಲವೆಂದು ಕಾಣುತ್ತದೆ.

ಇವತ್ತು ಬೆಳಗ್ಗೆ ಬಸವಲಿಂಗಪ್ಪ ಮೆಟ್ಟಿಲಿಳಿದು ಬಂದವನೇ ಲೆಕ್ಕ ಚುಕ್ತಾ ಮಾಡಿದ್ದ. "ಮಧ್ಯಾಹ್ನದೊಳಗ ವಿಜಯನ ನೆಟ್‌ವರ್ಕ್ ಸರಿ ಮಾಡಿಕೊಟ್ರ ಮುಂದಿನ ಪ್ರಾಜೆಕ್ಟ್ ನಿನಗ. ಇಲ್ಲಂದ್ರ ಶುಕ್ರವಾರ ಊರಿಗೆ ಟಿಕೆಟ್ಟು. ಆಮ್ಯಾಲ ನನ್ನ ಅನ್ನಬ್ಯಾಡ."

ಜೊತೆಗೆ ಷರತ್ತು ಎರಡು. ಫೋನಿನಲ್ಲಿ ಅತ್ತ ಬೇರೆಯವರ ಸದ್ದು ಕೇಳಿದರೆ ವೀರೇಂದ್ರ ಉಸಿರು ಬಿಡಕೂಡದು. ವಿಜಯನನ್ನು ಹೆಸರು ಹಿಡಿದು ಕರೆಯಲೇಕೂಡದು. ದೊಡ್ಡವರ ಮನೆಯ ಕೂಸಿಗೆ ಕಡಲು ದಾಟಿದರೂ ಮರ್ಯಾದೆ ಬೇಕು ಎಂದು ವೀರೇಂದ್ರ ಒಳಗೇ ನಕ್ಕಿದ್ದ.

ಈಗ ವಿಜಯನಿಗೆ ಮೊದಲು ಕೇಬಲ್ ಬದಲಾಯಿಸಲು ಹೇಳಿದ. ಹದಿನೆಂಟರ ಬದಲು ಹತ್ತೊಂಬತ್ತು ಸತ್ತವು. ಜನ ಕೆಲಸ ನಿಲ್ಲಿಸಿ ಕೂತಾಗ ಎಲ್ಲವೂ ಮುಟ್ಟುತ್ತಿದ್ದವು. ದೊಡ್ಡ ಫೈಲು ಹರಿಯತೊಡಗಿದರೆ ಸಾವು ಶುರು. ವೀರೇಂದ್ರನಿಗೆ ವಾಸನೆ ಹತ್ತಿತು. ರೂಟರ್‌ನಲ್ಲಿ ಏನಾದರೂ ಮುಟ್ಟಿದಿರಾ ಎಂದು ಕೇಳಿದ.

"ಸ್ಪೀಡ್ ಬರ್ಲಿ ಅಂತ ನಿನ್ನೆ ಒಂದು ಸೆಟ್ಟಿಂಗ್ ಹಾಕೀನಿ. ಯಾಕ?"

ರೋಗ ಸಿಕ್ಕಿತು. ರೂಟರಿಗೆ ಜೋಡಿಸಿದ ಸ್ವಿಚ್ಚು ಎಂಬ ಪೆಟ್ಟಿಗೆ, ಎದುರಿನವರ ಮಾತು ಮುಗಿಯುವವರೆಗೆ ಕಾಯುತ್ತದೆ. ವಿಜಯ್ ರೂಟರನ್ನು ಕಾಯದೆ ಮಾತಾಡುವಂತೆ ಮಾಡಿಟ್ಟಿದ್ದ. ಎರಡೂ ಮಾತು ಡಿಕ್ಕಿ ಹೊಡೆದು ಪ್ಯಾಕೆಟ್‌ಗಳು ನುಚ್ಚುನೂರು.

ಇದೇ ರೋಗವನ್ನು ವೀರೇಂದ್ರ ಒಮ್ಮೆ ವಿವರಿಸಿದ್ದ. ಬಂದು ಎರಡು ತಿಂಗಳಿಗೆ, ಇದೇ ಫೋನಿನಲ್ಲಿ ಅವನಿಗೊಂದು ಸಂದರ್ಶನವಾಗಿತ್ತು. ಯಾವ ಕಂಪನಿಯೆಂದು ಬಸವಲಿಂಗಪ್ಪ ಹೇಳಿರಲಿಲ್ಲ. ಅತ್ತಲಿನ ಬಿಳಿಯನದು ಗೊಗ್ಗರು ದನಿ, ಮಾತಿಗೊಂದು ಕೆಮ್ಮು. ನಲವತ್ತು ನಿಮಿಷ ಹಿಂಡಿ, ಕೊನೆಗೆ ನಕ್ಕಿದ್ದ ಕೂಡ. ಮರುದಿನ ಬಸವಲಿಂಗಪ್ಪ ಮೆಟ್ಟಿಲ ಮೇಲಿಂದಲೇ ಕೂಗಿದ್ದ: "ಬ್ಯಾಡ ಅಂದ್ರು. ನಿನ್ನ ಇಂಗ್ಲಿಷು ತಿಳಿಲಿಲ್ಲಂತ."

"ರೋಗ ಏನಂದ್ರೆ," ಎಂದು ವೀರೇಂದ್ರ ಬಾಯಿ ತೆರೆದ.

"ಪಾಠ ಬ್ಯಾಡೋ. ಏನು ಟೈಪ್ ಮಾಡ್ಲಿ, ಅಷ್ಟ ಹೇಳು. ನಿಮ್ಮ ಮಂದಿಗೆ ಕೆಲಸ ಕೊಟ್ರ ಭಾಷಣ ಸುರು."

ಬಸವಲಿಂಗಪ್ಪ ಹಿಂದಿನಿಂದ ಕಿಸಕ್ಕೆಂದ.

ವೀರೇಂದ್ರನ ನಾಲಗೆಯ ತುದಿಗೆ ಬೇರೊಂದು ಸಾಲು ಬಂದು ಕೂತಿತು. ಎರಡೇ ಪದ. ರೂಟರ್ ತನ್ನ ನೆನಪನ್ನೆಲ್ಲ ಅಳಿಸಿಕೊಂಡು ಸತ್ತಂತೆ ಬೀಳುವ ಸಾಲು. ಹೇಳಿದ್ದನ್ನು ವಿಜಯ್ ಕಣ್ಣು ಮುಚ್ಚಿ ಟೈಪ್ ಮಾಡುತ್ತಾನೆ. ಇಡೀ ಕಚೇರಿ ಕತ್ತಲಾಗುತ್ತದೆ. ಸಂಜೆಯೊಳಗೆ ಅವನನ್ನು ಕತ್ತು ಹಿಡಿದು ಹೊರಗೆ ಹಾಕುತ್ತಾರೆ. ಟಿಕೆಟ್ಟು ಹೇಗೂ ಇದೆ. ಇದೊಂದು ತೃಪ್ತಿಯನ್ನಾದರೂ ಹೊತ್ತು ಹೋಗಬಹುದು.

"ಸತ್ತಿ ಏನೋ?" ಎಂದ ವಿಜಯ್.

ವೀರೇಂದ್ರನಿಗೆ ದಯೆಯೇನೂ ಹುಟ್ಟಲಿಲ್ಲ. ನೆನಪಾದದ್ದು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಅಪ್ಪ. ಕಾಲಿನಿಂದಲೇ ಚಪ್ಪಲಿ ಒದ್ದು ಕೊಡುವವರಿದ್ದರು. ಬೈದು, ಕಾಸು ಕೊಡದೆ ಎತ್ತಿಕೊಂಡು ಹೋಗುವವರಿದ್ದರು. ಅಂಥವನ ಚಪ್ಪಲಿ ಎಂದು ಅಪ್ಪ ಒಂದು ಹೊಲಿಗೆಯನ್ನೂ ಸಡಿಲ ಬಿಟ್ಟವನಲ್ಲ. ಅವನು ಕೆಟ್ಟವನು ಕಣೋ, ಹೊಲಿಗೆ ನಂದು ಅನ್ನುತ್ತಿದ್ದ.

ವೀರೇಂದ್ರ ಸರಿಯಾದ ಸಾಲನ್ನೇ ಹೇಳಿದ. ಅಕ್ಷರ ಅಕ್ಷರವಾಗಿ, ಎರಡು ಸಲ.

ಕೀಲಿಗಳ ಸದ್ದು. ಮತ್ತೆ ನೂರು ಹೊರಟವು.

"ನೂರಕ್ಕ ನೂರು," ಎಂದ ವಿಜಯ್. ದನಿಯಲ್ಲಿ ಬೆವರಿತ್ತು.

ಅಷ್ಟರಲ್ಲಿ ಅತ್ತ ಬಾಗಿಲು ತೆರೆದ ಸದ್ದು. ಬೂಟಿನ ಸದ್ದು. ಬಸವಲಿಂಗಪ್ಪನ ಅಂಗೈ ವೀರೇಂದ್ರನ ಹೆಗಲ ಮೇಲೆ ಬಿತ್ತು, ಭಾರವಾಗಿ.

ಯಾರೋ ಕೆಮ್ಮಿದರು.

ಅದೇ ಕೆಮ್ಮು. ಅದೇ ಗೊಗ್ಗರು ದನಿ. ತನ್ನನ್ನು ಬೇಡವೆಂದ ಕಚೇರಿ ಇದೇ! ಆ ದನಿ ಈಗ ಇಂಗ್ಲಿಷಿನಲ್ಲಿ, ಸಂತೋಷದಿಂದ, ಎಲ್ಲರ ಪರದೆಗೂ ಜೀವ ಬಂತು ಎನ್ನುತ್ತಿತ್ತು. ಮೂರು ತಿಂಗಳ ಹಿಂದೆ ಫೋನಿನಲ್ಲಿ ಇದೇ ರೋಗವನ್ನು ವಿವರಿಸಿದ್ದೆಯಲ್ಲ, ಆ ನಿಮಿಷವೇ ನಿನ್ನನ್ನು ಆರಿಸಿಬಿಟ್ಟೆ ಎನ್ನುತ್ತಿತ್ತು.

"ಥ್ಯಾಂಕ್ ಯೂ, ವೀರೇಂದ್ರ."

ವೀರೇಂದ್ರ ಬಾಯಿ ತೆರೆದ.

"ಯೂ ಆರ್ ವೆಲ್ಕಮ್, ಸರ್," ಎಂದ, ಅತ್ತಲಿಂದ, ವಿಜಯ್.