ಕೂಗುವ ಮದ್ದು

“ಈ ಮನೇಲಿ ಯಾರಿಗಾದ್ರೂ ಕಿವಿ ಅನ್ನೋದು ಇದೆಯಾ?”

ಕಿಟಕಿಯ ಪಕ್ಕದ ಕುರ್ಚಿಯಿಂದ ಹೊರಟ ಈ ಪ್ರಶ್ನೆ ಯಜಮಾನರ ಮೂಗಿನ ತುದಿಯನ್ನೂ ದಾಟಲಿಲ್ಲ. ಆ ದಿನ ಅವರು ಆಡಿದ ಮೊದಲ ಮಾತೇ ಅದು. ಆಯುಸ್ಸಿನ ಮುಕ್ಕಾಲು ಪಾಲು ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗಿದ ಗಂಟಲು. ಒಂದು ಕೂಗಿಗೆ ರಸ್ತೆಯಾಚೆ ಚಹಾ ಕುಡಿಯುತ್ತಿದ್ದ ಸಾಕ್ಷಿ ಲೋಟ ಬಿಟ್ಟು ಓಡಿಬರುತ್ತಿದ್ದ. ಪಾರ್ಕಿನ್ಸನ್ ಕಾಯಿಲೆ ಕೈಯನ್ನು ನಡುಗಿಸಿತು, ಕಾಲನ್ನು ಕಟ್ಟಿತು, ಕೊನೆಗೆ ದನಿಯನ್ನೂ ಕದ್ದಿತು. ಎಷ್ಟು ಸದ್ದಿಲ್ಲದೆ ಕದ್ದಿತೆಂದರೆ, ಕಳ್ಳತನವಾದದ್ದು ಅವರಿಗೇ ಗೊತ್ತಾಗಲಿಲ್ಲ. ಹೆಂಡತಿಗೆ ಕಿವುಡು ಬಂದಿದೆ ಎಂದು ಹಟ ಹಿಡಿದು ಆಕೆಯ ಕಿವಿಗೊಂದು ಯಂತ್ರ ಹಾಕಿಸಿದರು. ಆಕೆಗೆ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು, ಪಕ್ಕದ ಮನೆಯ ಗೊರಕೆಯೂ ಕೇಳಿಸಿತು, ಗಂಡನ ಮಾತೊಂದು ಬಿಟ್ಟು. ಕೇಳುವವರಿಲ್ಲವೆಂದು ಅವರು ಮಾತನ್ನೇ ಬಿಡತೊಡಗಿದರು. ಊಟಕ್ಕೆ ಕರೆದರೆ ಗೋಡೆಯ ಕಡೆ ತಿರುಗುತ್ತಿದ್ದರು. ಮನುಷ್ಯ ಕಣ್ಣೆದುರೇ ಕರಗಿಹೋಗುತ್ತಿದ್ದಾನೆಂದು ಹೆದರಿದ ಹೆಂಡತಿ, ಮಹಡಿಯ ಮೇಲೆ ಬಾಡಿಗೆಗಿದ್ದ ಹುಡುಗಿಯನ್ನು ಕೈಹಿಡಿದು ಕರೆತಂದರು. ಅವಳು ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವವಳು.

ಹುಡುಗಿ ಸದ್ದು ಅಳೆಯುವ ಮೀಟರನ್ನು ಯಜಮಾನರ ಮುಂದೆ ಹಿಡಿದಳು. “ಅಂಕಲ್, ಜೋರಾಗಿ ಮಾತಾಡಿ.”

“ಕಿರುಚ್ತಾನೇ ಇದೀನಲ್ಲಮ್ಮ!”

ಮುಳ್ಳು ಮಿಸುಕಲಿಲ್ಲ. ಅಡುಗೆಮನೆಯಲ್ಲಿ ಚಮಚ ಬಿದ್ದಾಗ ಮಾತ್ರ ಹಾರಿತು.

“ಆಂಟಿ, ನಿಮ್ಮ ಕಿವಿಗೆ ಏನೂ ಆಗಿಲ್ಲ. ಇಳಿದಿರೋದು ಇವರ ದನಿ. ಇವರಿಗೆ ಮಾತ್ರ ಅದು ಕಿರುಚಾಟದ ಹಾಗೆ ಕೇಳುತ್ತೆ. ಇನ್ಮೇಲೆ ದಿನಾ ಕೂಗ್ಬೇಕು. ಅವರಿಗೇ ನಾಚಿಕೆ ಆಗೋಷ್ಟು ಜೋರಾಗಿ ಕೂಗಿದ್ರೆ, ಅದು ಸರಿಯಾದ ದನಿ ಅಂತ ಲೆಕ್ಕ.”

“ಇವರಿಗೆ ನಾಚಿಕೆ ಯಾವತ್ತು ಇತ್ತಮ್ಮ?” ಎಂದು ಹೆಂಡತಿ ಯಂತ್ರ ಕಳಚಿ ಮೇಜಿನ ಮೇಲಿಟ್ಟರು.

ಮರುದಿನದಿಂದಲೇ ಅಭ್ಯಾಸ ಶುರುವಾಯಿತು: ಒಂದು ಉಸಿರು ಮುಗಿಯುವವರೆಗೆ ‘ಆ’ ಎನ್ನುವುದು, ಆಮೇಲೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು. ಮೊದಮೊದಲು ಗಂಟಲು ಕಟ್ಟಿದ ಕಾಗೆಯ ಹಾಗಿತ್ತು. ಒಂದು ಬೆಳಿಗ್ಗೆ ಪುಟ ತಿರುವಿದಾಗ ನಿಧನ ವಾರ್ತೆ ಬಂತು. ಯಜಮಾನರು ಕುರ್ಚಿಯ ತೋಳು ಹಿಡಿದು ಎದ್ದರು, ಎದೆ ಸೆಟೆಸಿದರು, ದಿವಂಗತರೊಬ್ಬರ ಹೆಸರನ್ನು ಮೂರು ಸಲ ಕೂಗಿ, “ಹಾಜರಿದ್ದಾರೆಯೇ?” ಎಂದರು.

ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ಗಕ್ಕನೆ ನಿಂತಿತು. ಹೆಂಡತಿ ಸೌಟು ಹಿಡಿದೇ ಓಡಿಬಂದರು.

“ಸತ್ತೋರನ್ನಾದ್ರೂ ಬಿಡ್ರೀ, ಪುಣ್ಯಾತ್ಮ! ಪಾಪ, ಈಗಷ್ಟೇ ಕೇಸು ಮುಗಿಸ್ಕೊಂಡು ಹೋಗಿದಾರೆ.”

“ಅದು ಹೇಗೆ ಹೋಗ್ತಾನೆ? ನಾನಿನ್ನೂ ಕೂಗೇ ಇರ್ಲಿಲ್ಲ!” ಎಂದು ಯಜಮಾನರು ಹೊಟ್ಟೆ ಹಿಡಿದು ನಕ್ಕರು. ಪತ್ರಿಕೆ ಕೈಯಿಂದ ಜಾರಿಬಿತ್ತು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, ಒಲೆಯ ಹೊಗೆಗೆ ಬೈಯುತ್ತ ಒಳಗೆ ಹೋದರು. ಒಲೆ ಗ್ಯಾಸಿನದು.

ಅಲ್ಲಿಂದ ಮುಂದೆ ಅವರಿಗೆ ತಡೆಯಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಬೀದಿಗೆಲ್ಲ ತಿಳಿಯುತ್ತಿತ್ತು. ಬೆಳಿಗ್ಗೆ ಹೊಟ್ಟೆ ಸಲೀಸಾಯಿತೋ ಇಲ್ಲವೋ, ಅದೂ ತಿಳಿಯುತ್ತಿತ್ತು. “ದೇವರು ದನಿ ವಾಪಸ್ ಕೊಟ್ಟ, ತಗ್ಗಿಸೋ ಗುಂಡಿ ಕೊಡೋದು ಮರೆತ,” ಎಂದು ಹೆಂಡತಿ ಎರಡೂ ಕಿವಿಗೆ ಹತ್ತಿ ತುರುಕಿಕೊಂಡರು.

ಭಾನುವಾರ ಬೆಳಕು ಹರಿಯುವ ಮೊದಲೇ ಬಾಗಿಲು ದಡದಡ ಬಡಿದ ಸದ್ದಾಯಿತು. ಕೆದರಿದ ಕೂದಲು, ಅರ್ಧ ಮುಚ್ಚಿದ ಕಣ್ಣು, ಮಹಡಿಯ ಹುಡುಗಿ. ಹೆಂಡತಿ ಒಂದು ಕಿವಿಯ ಹತ್ತಿ ತೆಗೆದರು.

“ಆಂಟಿ, ವಾರಕ್ಕೊಂದೇ ರಜೆ ನನಗೆ. ಇವತ್ತೊಂದು ದಿನ ಅಂಕಲ್‌ಗೆ ಸ್ವಲ್ಪ ಮೆಲ್ಲಗೆ ಮಾತಾಡಿ ಅಂತ ಹೇಳ್ತೀರಾ? ನಿಮ್ಮ ಕಾಲಿಗೆ ಬೀಳ್ತೀನಿ.”

ಒಳಗಿನಿಂದ ಯಾರದೋ ಹೆಸರು ಮೂರನೆಯ ಸಲ ಮೊಳಗಿತು. ಹೆಂಡತಿ ಇನ್ನೊಂದು ಕಿವಿಯ ಹತ್ತಿಯನ್ನೂ ತೆಗೆದು, ಎರಡನ್ನೂ ಹುಡುಗಿಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಮಡಚಿದರು.

“ಹೇಳಲ್ಲ,” ಎಂದರು.