ಉಳಿದ ಮೂರು ಗಂಟೆ

"ಪಂಪು ಬಂದಮೇಲೆ ದಿನಕ್ಕೆ ಮೂರು ಗಂಟೆ ಉಳೀತು ಅಂದ್ರಲ್ಲಮ್ಮ, ಆ ಹೊತ್ತಲ್ಲಿ ಏನು ಮಾಡ್ತೀರಿ?"

"ಕೂತ್ಕೋತೀನಿ."

"ಕೂತ್ಕೊಂಡು?"

"ಕೂತ್ಕೊಂಡು ಏನು ಮಾಡೋದು? ಕೂತ್ಕೋತೀನಿ, ಅಷ್ಟೇ."

ಸರ್ವೆಗೆ ಬಂದವಳ ಪೆನ್ನು ನಿಂತಿತು. ಗುಡ್ಡದ ಈ ಕೇರಿಗೆ ಕರೆಂಟು ಬಂದು ನಾಲ್ಕು ವರ್ಷ. ಹಳ್ಳದ ನೀರನ್ನು ಪಂಪು ಈಗ ಮನೆಬಾಗಿಲಿಗೇ ಎತ್ತಿ ಹಾಕುತ್ತದೆ. ಲೈನಿಗೆ ಸುರಿದ ಹಣಕ್ಕೆ ತಕ್ಕ ಲಾಭ ಜನಕ್ಕೆ ಆಗಿದೆಯೇ ಎಂದು ಅಳೆದು ಹೇಳುವುದು ಅವಳ ಕೆಲಸ. ಫಾರಮ್ಮಿನಲ್ಲಿ ಉಳಿದ ಹೊತ್ತಿನ ಮುಂದೆ 'ಸಂಪಾದನೆ' ಎಂಬ ಒಂದೇ ಕಾಲಂ ಇತ್ತು. ಬೆಳಗಿನಿಂದ ಹನ್ನೊಂದು ಮನೆ ಸುತ್ತಿದ್ದಳು. ಎಂಟು ಮನೆಗಳಲ್ಲಿ ಆ ಕಾಲಂಗೆ ಸೊನ್ನೆ ಬಿದ್ದಿತ್ತು.

ದಾರಿ ತೋರಿಸಲು ಜೊತೆಗೆ ಬಂದಿದ್ದ ಲೈನ್‌ಮನ್‌ಗೆ ತಡೆದುಕೊಳ್ಳಲಾಗಲಿಲ್ಲ. "ಅಕ್ಕಾ, ಹಂಗನ್ಬೇಡ. ಬುಟ್ಟಿ ಹೆಣೀತೀನಿ ಅನ್ನು. ಇಲ್ಲಿ ಲಾಭ ಕಾಣಿಸಿದ್ರೆ ತಾನೇ ಮೇಲಿನ ಕೇರಿಗೆ ಲೈನ್ ಎಳೆಯೋದು? ಇಲ್ಲಾಂದ್ರೆ ಕಂಬ ಇಲ್ಲಿಗೇ ನಿಂತವು ಅಂತ ತಿಳ್ಕೋ."

ಮನೆಯಾಕೆಯ ಮುಖ ಬಾಡಿತು. ಮಗಳನ್ನು ಕೊಟ್ಟದ್ದು ಮೇಲಿನ ಕೇರಿಗೆ. ಏಳು ತಿಂಗಳ ಬಸುರಿ. ಈಗಲೂ ದಿನಕ್ಕೆರಡು ಸಲ ಹಳ್ಳಕ್ಕಿಳಿದು ಕೊಡ ಹೊತ್ತು ಹತ್ತುತ್ತಾಳೆ.

"ಹಂಗಾದ್ರೆ ಬುಟ್ಟಿ ಅಂತಾನೇ ಬರ್ಕೊಳ್ಳಿ ತಾಯಿ."

"ಇಲ್ಲದ್ದನ್ನ ಹೆಂಗಮ್ಮ ಬರೀಲಿ? ನಾಳೆ ಇನ್ನೊಬ್ರು ಬಂದು ಬುಟ್ಟಿ ತೋರ್ಸಿ ಅಂದ್ರೆ? ಇಡೀ ಕೇರಿ ಹೇಳಿದ್ದೇ ಸುಳ್ಳು ಅಂತಾರೆ." ಸರ್ವೆಯವಳು ಹಾಳೆ ಮಗುಚಿದಳು. "ಬೇರೆ ಥರ ಕೇಳ್ತೀನಿ. ಆ ಮೂರು ಗಂಟೆ ನಮಗೆ ಬಿಟ್ಕೊಡಿ ಅಂತ ಯಾರಾದ್ರೂ ಕೇಳಿದ್ರೆ, ಎಷ್ಟು ಕೂಲಿ ಕೇಳ್ತೀರಿ?"

ಮನೆಯಾಕೆಗೆ ನಗು ಬಂತು. "ಮೂವತ್ತು ವರ್ಷ ಕೊಡ ಹೊತ್ತೆ, ಆಗ ಎಷ್ಟು ಅಂತ ಒಬ್ರೂ ಕೇಳ್ಲಿಲ್ಲ. ಈಗ ಕೂತಿದ್ದಕ್ಕೆ ರೇಟು ಕೇಳ್ತೀರಲ್ಲ!" ಆಮೇಲೆ ತಗ್ಗಿದ ದನಿಯಲ್ಲಿ ಅಂದಳು, "ಗೋಡೆಗೆ ಒರಗ್ತೀನಿ. ಬಿಸಿಲು ಬೀಳುತ್ತೆ ಬೆನ್ನಿಗೆ. ನಮ್ಮಮ್ಮ ಹಂಗೆ ಕೂತಿದ್ದನ್ನ ನಾನು ನೋಡಿದ್ದೇ ಇಲ್ಲ."

ಸರ್ವೆಯವಳು ಅಂಗಳದಾಚೆ ಹೋಗಿ ಆಫೀಸಿಗೆ ಫೋನ್ ಮಾಡಿದಳು. "ವಿಶ್ರಾಂತಿ ಅಂತ ಬರೀಬಹುದಾ ಸರ್?" ಬರೀರಿ, ಬೇಡ ಅಂದವರಾರು, ಆದರೆ ಕೂಡಿಸುವಾಗ ಅದು ಸೊನ್ನೆಯೇ ಎಂದಿತು ಆ ಕಡೆಯ ದನಿ. ಆದರೂ ಬರೆದಳು. ಕಾಲಂ ಚಿಕ್ಕದು, ಅಕ್ಷರ ಗೆರೆ ದಾಟಿ ಹೊರಗೆ ಹೋಯಿತು. ಅವಳು ಹೊರಡುವಾಗ ಮನೆಯಾಕೆ ಕೇಳಿದ್ದು ಒಂದೇ ಮಾತು: "ಬುಟ್ಟಿ ನಿಜವಾಗ್ಲೂ ಇದ್ದಿದ್ರೆ ಬರೀತಿದ್ರಾ?"

"ಬರೀತಿದ್ದೆ."

ಮರುದಿನ ಮಧ್ಯಾಹ್ನ ಮಿಕ್ಕ ಮನೆಗಳನ್ನು ಮುಗಿಸಿಕೊಂಡು ಅದೇ ದಾರಿಯಲ್ಲಿ ಇಳಿಯುವಾಗ ಸರ್ವೆಯವಳು ಅಂಗಳದ ಮುಂದೆ ಗಕ್ಕನೆ ನಿಂತಳು. ಮನೆಯಾಕೆಯ ಸುತ್ತ ಸೀಳಿದ ಬಿದಿರು ಹರಡಿತ್ತು. ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು, ಬಟ್ಟೆಯ ಮೇಲೆ ರಕ್ತ ಒಣಗಿತ್ತು. ಪಕ್ಕದಲ್ಲಿ ಒಂದು ಬುಟ್ಟಿ. ತಳ ಸರಿಯಾಗಿ ಕೂರದೆ ಒಂದು ಮಗ್ಗುಲಿಗೆ ವಾಲಿತ್ತು.

"ಇದೇನಮ್ಮ ಇದು?"

"ನಿನ್ನೆ ಇರ್ಲಿಲ್ಲ, ಇವತ್ತು ಇದೆ. ಈಗ ಸುಳ್ಳಲ್ಲವಲ್ಲ?" ಮನೆಯಾಕೆ ತಲೆ ಎತ್ತದೆ ಇನ್ನೊಂದು ಸೀಳನ್ನು ಮಂಡಿಗೆ ಆನಿಸಿ ಬಗ್ಗಿಸಿದಳು. "ದಿನಕ್ಕೆ ಎಷ್ಟು ಹೆಣೆದ್ರೆ ತಂತಿ ಮೇಲಿನ ಕೇರಿಗೆ ಹೋಗುತ್ತೆ, ಅದನ್ನ ಹೇಳಿ ತಾಯಿ."