ಸಿಪಿಲೆ ಕೂತ ಮೋಟು

ಹಿಮಾಲಯದಿಂದ ಬರುವ ಸಿಪಿಲೆ ಹಕ್ಕಿ ಪಾರ್ಕಿಗೆ ಕಾಲಿಟ್ಟಿತೆಂದು ಅಲ್ಲಿ ಹಕ್ಕಿಗಳ ಲೆಕ್ಕ ಇಡುವ ಚಂದ್ರಲೀಲಾ ರಿಜಿಸ್ಟರಿನಲ್ಲಿ ಬರೆಯುವ ತನಕ ಮಳೆ ಬಂದು ಹೋದರೂ ಊರಿನ ಕಾನೂನಿನಲ್ಲಿ ಬೇಸಿಗೆ ಮುಗಿಯುತ್ತಿರಲಿಲ್ಲ. ಬೇಸಿಗೆ ಮುಗಿಯದೆ, ಬಿಸಿಲಿನ ಕಾರಣಕ್ಕೆ, ಹಗಲು ಹೊತ್ತು ಮದುವೆ ಮಾಡಲು ಪರವಾನಗಿ ಇರಲಿಲ್ಲ.

ಪಾರ್ಕಿನ ಅಧಿಕಾರಿ ವಿರೂಪಾಕ್ಷಯ್ಯನ ಮಗಳ ಧಾರೆ ನಾಳೆ ಬೆಳಗ್ಗೆ. ಅವನು ಏದುಸಿರು ಬಿಡುತ್ತಾ ಓಡಿ ಬಂದ.

“ಅಗೋ ನೋಡಮ್ಮಾ, ಬಂದುಬಿಟ್ಟಿದೆ! ಬೇಗ ಬರ್ಕೋ.”

ಬೆಳಗಿನಿಂದ ಅವಳೂ ನೋಡುತ್ತಲೇ ಇದ್ದಳು. ಹಕ್ಕಿ ಬಾಲ ಕುಣಿಸುತ್ತಾ ಕೂತಿದ್ದು ಹೊಂಗೆ ಮರದ ಮೋಟಿನ ಮೇಲೆ. ಅವಳ ಅವ್ವ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರ. ಹೋದ ವರ್ಷ ಇವನು ಅದನ್ನು ಕಡಿಸಿ ಮಾರಿಕೊಂಡು, ಮರ ಕಡಿದವರಿಗಿದ್ದ ಏಳು ವರ್ಷದ ಜೈಲಿಗೆ ಹೆದರಿ, ಅಲ್ಲಿ ಮರವೇ ಇರಲಿಲ್ಲ ಎಂದು ವರದಿ ಬರೆದಿದ್ದ.

“ಯಾವ ಮರದ ಮೇಲೆ ಕೂತಿತ್ತು ಅಂತ ಬರೀಲೇಬೇಕಲ್ಲ ಸಾರ್. ಏನಂತ ಬರೀಲಿ?”

“ಪಕ್ಕದ ಮಾವಿನ ಮರ ಅಂತ ಬರಿ.”

“ಸುಳ್ಳು ಬರೆಯೋಕೆ ನಾನೇನು ನೀವಾ?”

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅಡುಗೆ ಭಟ್ಟರು. “ಸ್ವಾಮಿ, ಒಲೆ ಹಚ್ಚೋದಾ, ಬೇಡ್ವಾ?”

ಚಂದ್ರಲೀಲಾ ಪೆನ್ನಿನ ಮುಚ್ಚಳ ತೆಗೆದು ರಿಜಿಸ್ಟರನ್ನು ಅವನ ಕಡೆಗೆ ತಿರುಗಿಸಿದಳು. ವರ್ಷವಿಡೀ ಈ ಗಳಿಗೆಗೇ ಕಾದಿದ್ದಳು.

“ನೀವೇ ಹೇಳಿ ಸಾರ್. ಇಲ್ಲಿ ಮರ ಇತ್ತೋ, ಇರ್ಲಿಲ್ವೋ?”